ಸೀಟಿಗಿಂತ ಮೊದಲು ಹಾಲು

ಶ್ರೀನಿವಾಸಪುರದ ಮಹಿಳೆಯರ ಓಟಕ್ಕೆ ಸೀಟಿ ಊದುವ ಕೆಲಸ ನನ್ನದು. ಒಂದು ನಿಮಿಷವೂ ತಡ ಮಾಡಿದವನಲ್ಲ. ಆ ಬೆಳಿಗ್ಗೆ ಸೀಟಿ ಬಾಯಿಗಿಟ್ಟಾಗಲೇ ಓಡಲು ಗೆರೆಯಲ್ಲಿ ನಿಂತಿದ್ದ ಯಲ್ದೂರಿನ ಸರಳಾಳ ಕೂಸು ಅತ್ತಿತು. ಬಾಣಂತನ ಮುಗಿದಾಗಿನಿಂದ ಅವಳು ಮಾವಿನ ತೋಪಿನಲ್ಲಿ ದಿನಾ ಓಡುತ್ತಿದ್ದಳು.

"ಓಡಿ ಬಂದ್ಮೇಲೆ ಕುಡಿಸಮ್ಮ," ಎಂದೆ.

"ಓಡಿದ ಮೈಯ ಹಾಲು ಉಷ್ಣ, ಕೂಸಿಗಾಗಲ್ಲ ಸಾರ್. ಈಗ ಕುಡಿಸ್ತಾಳೆ, ಇಲ್ಲಾ ಮನೆಗೆ ಬರ್ತಾಳೆ," ಎಂದರು ಅವಳ ಅತ್ತೆ.

ಅದು ಬರೀ ನಂಬಿಕೆ ಎಂದು ವಾದಿಸಲು ಹೊರಟೆ. ಅಷ್ಟರಲ್ಲಿ ಉಳಿದ ಓಟಗಾರ್ತಿಯರೆಲ್ಲ ಗೆರೆಯ ಮೇಲೇ ಕೂತುಬಿಟ್ಟರು.

"ಕುಡೀಲಿ ಬಿಡಿ ಸಾರ್!"

ಸೀಟಿ ಇಳಿಸಿದೆ. ಕೂಸಿನ ಹೊಟ್ಟೆ ತುಂಬಿದ ಮೇಲೇ ಊದಿದೆ.

ಸರಳಾ ಗೆದ್ದೇಬಿಟ್ಟಳು! ಬೆವರು ಸುರಿಸುತ್ತ ಬಂದವಳ ಮಡಿಲಿಗೆ, ಮತ್ತೆ ಅಳುತ್ತಿದ್ದ ಕೂಸನ್ನು ಅತ್ತೆಯೇ ಹಾಕಿದರು.

"ಕುಡಿಸೇ."

"ಉಷ್ಣ ಅಲ್ವೇನಮ್ಮ?" ಎಂದೆ.

"ಗೆದ್ದೋಳ ಹಾಲು ಸಾರ್, ಏನೂ ಆಗಲ್ಲ!"

ನಾನು ವಾದಕ್ಕೆ ನಿಂತಿದ್ದರೆ ಆ ಓಟ ಇನ್ನೂ ಶುರುವಾಗಿರುತ್ತಿರಲಿಲ್ಲ.