ದೇವರಿಗಿಂತ ಮೊದಲು ಉಪ್ಪು ನೋಡಿದವಳು

ನಮ್ಮ ಮನೆಯಲ್ಲಿ ನೈವೇದ್ಯವಾಗುವ ಮೊದಲು ಅಡುಗೆಯ ರುಚಿ ನೋಡುವಂತಿರಲಿಲ್ಲ. ನೋಡಿದರೆ ದೇವರಿಗೆ ಎಂಜಲು. ಹಾಗಾಗಿ ಅಮ್ಮ ಉಪ್ಪನ್ನು ಕೈಯಂದಾಜಿನಲ್ಲೇ ಹಾಕುತ್ತಿದ್ದಳು. ಸಾರು ಉಪ್ಪಾದ ದಿನ ಅಪ್ಪ, "ದೇವರೇ ಸುಮ್ಮನೆ ಉಂಡ, ನನ್ನದೇನು?" ಎಂದು ನಗುತ್ತಿದ್ದರು.

ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿ ಪಕ್ಕದ ಇಂದಿರಾಪುರಂನ ಈ ಫ್ಲ್ಯಾಟಿಗೆ ಬಂದಾಗ ಅಮ್ಮ ಕಟ್ಟಿಕೊಟ್ಟಿದ್ದ ದೇವರ ಡಬ್ಬಿಯನ್ನು ಬಿಚ್ಚಲೇ ಇಲ್ಲ. ನಂಬಿಕೆ ಅದಕ್ಕೂ ಮೊದಲೇ ಹೋಗಿತ್ತು. ಒಂದು ರಜೆಯಲ್ಲಿ ಡಬ್ಬಿಯನ್ನು ಊರಿನಲ್ಲಿರುವ ಅಣ್ಣನಿಗೆ ಕೊಟ್ಟುಬಂದೆ. ಸಿಡಿಲೇನೂ ಬಡಿಯಲಿಲ್ಲ. ವಾಪಸು ಬಂದವಳೇ ಕುದಿಯುವ ಸಾರನ್ನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ನನ್ನ ಸ್ವಾತಂತ್ರ್ಯೋತ್ಸವ ಅಷ್ಟೇ. ದೇವರಿಲ್ಲದೆ ಬದುಕಿಗೆ ಏನರ್ಥ ಎಂದು ಕೇಳಿದವರನ್ನು ಊಟಕ್ಕೆ ಕರೆದಿದ್ದೇನೆ. ಉಂಡವರು ಮತ್ತೆ ಕೇಳಿಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮ ಬಂದಳು, ಚೀಲದಲ್ಲಿ ತನ್ನ ಪುಟ್ಟ ದೇವರನ್ನಿಟ್ಟುಕೊಂಡು. ಫ್ರಿಜ್ಜಿನ ಮೇಲೆ ಅವನನ್ನು ಕೂರಿಸಿದಳು. ಜಗಳವಾಡಲಿಲ್ಲ. "ನೀನು ರುಚಿ ನೋಡಿದ್ದು ನಂಗಾಗಲ್ಲ ಕಣೇ," ಎಂದು ತನ್ನ ಪಾತ್ರೆ ಬೇರೆ ಇಟ್ಟಳು. ಒಂದೇ ಒಲೆಯ ಮೇಲೆ ಎರಡು ಸಾರು. ನನಗೆ ಸಂಕಟವಾಯಿತು. ಹೆತ್ತವಳಿಗೆ ಒಂದು ತುತ್ತು ಹಾಕಲಾಗದಿದ್ದರೆ ಈ ಸ್ವಾತಂತ್ರ್ಯ ಕಟ್ಟಿಕೊಂಡು ಏನು ಮಾಡಲಿ?

ಅವಳದು ಕಲ್ಲುಪ್ಪಿಗೆ ಪಳಗಿದ ಕೈ. ಇಲ್ಲಿಯ ಪುಡಿಯುಪ್ಪು ಅದೇ ಅಳತೆಗೆ ವಿಪರೀತವಾಗುತ್ತಿತ್ತು. ಮಾತಾಡದೆ ಉಂಡು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ಅದೂ ಬಿಪಿ ಇರುವವಳು. ನಾಲ್ಕನೆಯ ದಿನ ಕಾಲು ಊದಿತು. ನನಗೆ ನಿಜಕ್ಕೂ ಭಯವಾಯಿತು, ಅವಳಿಗೂ ಆಗಿರಬೇಕು.

ಮರುದಿನ ಬೆಳಿಗ್ಗೆ ನಾನು ಮೆಟ್ರೋಗೆ ಹೊರಟಾಗ ಅಡುಗೆಮನೆಯಿಂದ ಕರೆದಳು. ದೇವರ ಪಾಲನ್ನು ಬಟ್ಟಲಿಗೆ ತೆಗೆದು ಮುಚ್ಚಿಟ್ಟಿದ್ದಳು.

"ಅಂಗೈ ಒಡ್ಡು. ಉಪ್ಪು ನೋಡು."

"ನಾನಾ? ಇನ್ನೂ ನೈವೇದ್ಯ ಆಗಿಲ್ಲವಲ್ಲಮ್ಮ."

"ಅವನು ಏನು ಕೊಟ್ರೂ ಉಣ್ತಾನೆ, ಬಾಯಿ ಬಿಡಲ್ಲ. ನೀನಾದ್ರೆ ಹೇಳ್ತೀಯ."

ನೆಕ್ಕಿದೆ. "ಜಾಸ್ತಿ ಆಗಿದೆ."

ಅಮ್ಮ ಫ್ರಿಜ್ಜಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮುಚ್ಚಿಟ್ಟ ಬಟ್ಟಲನ್ನೂ ಪಾತ್ರೆಗೇ ಸುರಿದು, ನೀರು ಬೆರೆಸಿ, ಮತ್ತೆ ಕುದಿಸಿದಳು. "ಪಾಪ, ಅವನಾದ್ರೂ ಎಷ್ಟು ದಿನ ಉಪ್ಪುಪ್ಪು ಉಣ್ಬೇಕು," ಎಂದು ಇನ್ನೊಂದು ಸಲ ನನ್ನ ಅಂಗೈಗೆ ಬಿಟ್ಟಳು.

ಈಗ ಹದವಾಗಿತ್ತು. ನಾನು ತಲೆಯಾಡಿಸಿದ ಮೇಲೆ ಅದೇ ಸಾರನ್ನು ಮೊದಲು ದೇವರಿಗೆ ತೆಗೆದಳು, ಆಮೇಲೆ ನನ್ನ ಬುತ್ತಿಗೆ ತುಂಬಿದಳು. ಅಂದಿನಿಂದ ಅವಳು ಊರಿಗೆ ಹೊರಡುವವರೆಗೂ ನಮ್ಮ ಒಲೆಯ ಮೇಲೆ ಒಂದೇ ಪಾತ್ರೆ.