ಅಮಾವಾಸ್ಯೆಯ ಮರುದಿನ ಕೂಗುವ ಹಾರ್ನು

ಬ್ಯಾಡಗಿಯಲ್ಲಿ ನಮ್ಮ ಓಣಿಯ ಬಾಯಿಗೆ ಚಾಂದಸಾಬರ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ. ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿಕೊಂಡು, ಅದು ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎಂದು ನೋಡಿಯೇ ಬದುಕಿದವರು. 2007ರಲ್ಲಿ ರಾಣೆಬೆನ್ನೂರಿನ ಮೆಕ್ಯಾನಿಕ್ ವೀರೇಂದ್ರ ಗಾಡಿಯ ದೋಷ ಓದುವ ಸ್ಕ್ಯಾನರ್ ತಂದ. ಅಂದಿನಿಂದ ಅವನ ಹೆಸರೆತ್ತಿದರೆ ಇವರ ಮುಖ ಗಂಟಾಗುತ್ತಿತ್ತು.

ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನವರು ಚಾಂದಸಾಬರ ದೊಡ್ಡ ಗಿರಾಕಿ. ಅವರ ಹೊಸ ಕಾರಿನ ಹಾರ್ನು ತಾನಾಗಿಯೇ ಕೂಗತೊಡಗಿತು. ಒಳಗಿನ ದೀಪ ಆರುತ್ತಿರಲಿಲ್ಲ. ಚಾಂದಸಾಬರು ಸರಿಮಾಡಿದರೂ ತಿಂಗಳಿಗೆ ಮತ್ತೆ ಅದೇ. ಕೊನೆಗೆ ನಿಜಲಿಂಗಪ್ಪ ತಾವೇ ಕಾರು ತೆಗೆದುಕೊಂಡು ರಾಣೆಬೆನ್ನೂರಿಗೆ, ವೀರೇಂದ್ರನ ಹತ್ತಿರ ಹೊರಟರು. ಗಿರಾಕಿ ಕೈಬಿಟ್ಟುಹೋದೀತೆಂದು ಚಾಂದಸಾಬರೂ ಹತ್ತಿ ಕುಳಿತರು. ವೀರೇಂದ್ರ ಸೋಲುವುದನ್ನು ನೋಡುವ ಆಸೆಯೂ ಇತ್ತು.

"ಬರ್ರಿ ಚಾಚಾ, ಕುಂದ್ರಿ" ಎಂದ ವೀರೇಂದ್ರ, ಸ್ಟೇರಿಂಗ್ ಕೆಳಗೆ ಸ್ಕ್ಯಾನರಿನ ವೈರು ಚುಚ್ಚಿದ. ಹಾರ್ನು, ದೀಪ, ಬಾಗಿಲ ಲಾಕು ನಡೆಸುವ ಪೆಟ್ಟಿಗೆಯೊಂದು ಕಾರಿನಲ್ಲಿರುತ್ತದೆ. ಆದ ತೊಂದರೆಗಳನ್ನು ಅದು ಕೋಡುಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಪರದೆಯ ತುಂಬ ಕೋಡುಗಳು ಬಂದವು. ಅವನ್ನೆಲ್ಲ ಅಳಿಸಿ, ಕಾರು ಚಾಲೂ ಮಾಡಿ ಮತ್ತೆ ನೋಡಿದ. ಒಂದೂ ಇರಲಿಲ್ಲ.

"ಏನೂ ಇಲ್ಲಲ್ಲೋ! ಇಷ್ಟ ನನ್ನ ಬಲ್ಬೂ ಹೇಳ್ತಿತ್ತು" ಎಂದು ಚಾಂದಸಾಬರು ನಕ್ಕರು.

"ಈಗಿಲ್ಲ ಚಾಚಾ. ಆದ್ರ ಆಗಿದ್ದಂತೂ ಖರೇ. ಯಾವಾಗ ಆಗ್ತೈತಿ ಅಂತ ನಿಮಗ ನೆನಪೈತೇನು? ಇಲ್ಲಂದ್ರ ಪೆಟ್ಟಿಗೀನ ಬಿಚ್ಚಿ ಬದಲಿ ಮಾಡ್ತೇನಿ."

ನೆನಪಿತ್ತು. ಕಾರು ಕೆಟ್ಟು ಬರುತ್ತಿದ್ದುದು ಪ್ರತಿ ಸಲ ಅಮಾವಾಸ್ಯೆಯ ಮರುದಿನ, ಸ್ಟೇರಿಂಗಿನ ಕುಂಕುಮ ಇನ್ನೂ ಹಸಿ ಇದ್ದಾಗ. ಹೇಳಿದರೆ ಹೆಸರು ವೀರೇಂದ್ರನಿಗೆ. ಸುಮ್ಮನಿದ್ದರೆ ಹೊಸ ಪೆಟ್ಟಿಗೆಯೂ ಕೆಟ್ಟು ಅವನ ಮರ್ಯಾದೆ ಹೋಗುತ್ತದೆ. ಚಾಂದಸಾಬರು ಸುಮ್ಮನೇ ಇದ್ದರು. ಆದರೆ ವೀರೇಂದ್ರ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದಾಗ, ತಮ್ಮ ಗಿರಾಕಿಯ ಕಾರನ್ನು ಇನ್ನೊಬ್ಬ ಬಿಚ್ಚುವುದನ್ನು ಅವರಿಂದ ನೋಡಲಾಗಲಿಲ್ಲ.

"ಸಾವ್ಕಾರ್ರ, ಅಮಾಸಿ ಪೂಜಾಕ್ಕ ಕಾರಿನ ಒಳಗೂ ಪೈಪ್ ಹಿಡಿತೀರೇನು?" ಎಂದು ನಿಜಲಿಂಗಪ್ಪನವರನ್ನು ಕೇಳಿದರು.

"ಮತ್ತ? ಪೂಜಾ ಅಂದ್ಮ್ಯಾಗ ಒಳಗ ಹೊರಗ ತೊಳಿಬೇಕಲ್ಲೋ!"

ಸ್ಟೇರಿಂಗ್ ಕೆಳಗಿನ ಮುಚ್ಚಳ ತೆಗೆದರೆ, ಪೆಟ್ಟಿಗೆಗೆ ವೈರು ಸೇರುವಲ್ಲಿ ಕುಂಕುಮದ ನೀರು ಇಳಿದು ಒಣಗಿದ ಕಲೆ. ವೀರೇಂದ್ರ ಅದನ್ನು ಒರೆಸಿ ಸ್ವಚ್ಛ ಮಾಡಿದ. "ನೀರ ಇಳಿದಾಗಷ್ಟ ಕೂಗ್ತೈತಿ, ಒಣಗಿದ್ರ ಸುಮ್ಮನ. ಇನ್ನ ಒಳಗ ಒದ್ದಿ ಬಟ್ಟಿಲೆ ಒರಸ್ರಿ ಸಾಕು. ಚಾಚಾ ಹೇಳಿದ್ದಕ್ಕ ಪೆಟ್ಟಿಗಿ ಉಳೀತು" ಎಂದ. ಆ ಹೊಗಳಿಕೆಯೂ ಚಾಂದಸಾಬರಿಗೆ ಉರಿಯಿತು.

"ಮಶೀನ್ ಎಷ್ಟ್ ಚಲೋ ಹೇಳ್ತು ನೋಡು" ಎಂದು ನಿಜಲಿಂಗಪ್ಪ ದಾರಿಯುದ್ದಕ್ಕೂ ಅಂದರು. ಚಾಂದಸಾಬರು ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ಮುಂದಿನ ಅಮಾವಾಸ್ಯೆ ಕಳೆಯಿತು. ಮರುದಿನ ಕಾರು ಸದ್ದಿಲ್ಲದೆ ಬಂತು, ಅಂಗಡಿಯ ಮುಂದೆ ನಿಲ್ಲಲಿಲ್ಲ. ಚಾಂದಸಾಬರು ಎದ್ದು ರಸ್ತೆಗೆ ಬಂದು, ಅದು ಎತ್ತ ಹೊರಳುತ್ತದೆಂದು ಕತ್ತು ಚಾಚಿ ನೋಡಿದರು. ರಾಣೆಬೆನ್ನೂರಿನ ಕಡೆಗಲ್ಲ, ಹಾವೇರಿ ಕಡೆ ಹೊರಳಿತು.

ಒಳಗೆ ಬಂದು ಚಹಾ ಹೇಳಿದರು.