ತಾಟು ತೊಳೆದ ನೀರು

ವಿದ್ಯಾಶ್ರೀ ಟ್ಯಾಂಕು ಹತ್ತುವ ಹೆಂಗಸು. ಸಿಂಗಪುರದ ಜುರಾಂಗ್ ಐಲ್ಯಾಂಡಿನ ಎಣ್ಣೆ ಕಾರ್ಖಾನೆಯೊಂದರಲ್ಲಿ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಏರಿ, ಖಾಲಿ ಮಾಡಿದವುಗಳ ಹೊಟ್ಟೆಯೊಳಗೆ ಇಳಿದು, ಗೋಡೆ ಎಲ್ಲಿ ಸವೆದಿದೆ, ಬೆಸುಗೆ ಎಲ್ಲಿ ಬಿರಿದಿದೆ ಎಂದು ಟಾರ್ಚು ಹಿಡಿದು ನೋಡುವುದು ಅವಳ ಕೆಲಸ. ಅವಳು ಸಹಿ ಹಾಕಿದರೆ ಮಾತ್ರ ಆ ಟ್ಯಾಂಕಿಗೆ ಮತ್ತೆ ಎಣ್ಣೆ ಬಿಡುತ್ತಾರೆ. ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿ ಬೆಳೆದವಳು. ಎತ್ತರದ ಆಳು, ಅಗಲವಾದ ಭುಜ. ಮೊದಲ ಸಲ ಇಲ್ಲಿನ ಏಣಿ ಹತ್ತಿದಾಗ ಕೆಳಗಿನ ಗಂಡಸರು ನೋಡುತ್ತ ನಿಂತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ಅವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಿರಲಿಲ್ಲ.

ಈ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಆ ಏಣಿಗೇ ಕುತ್ತು ಬಂತು. ಟ್ಯಾಂಕಿಗೆ ಇಳಿಯುವವರು ಹಾರ್ನೆಸ್ ತೊಡಬೇಕು; ಬಿದ್ದರೆ ಹಿಡಿಯುವ ಪಟ್ಟಿಗಳ ಅಂಗಿ ಅದು. ಅದು ಇಂತಿಷ್ಟೇ ಭಾರ ತಡೆಯುತ್ತದೆ, ಮೈಯ ತೂಕ, ಬೆನ್ನಿನ ಗಾಳಿ ಸಿಲಿಂಡರು, ಸೊಂಟದ ಉಪಕರಣ ಎಲ್ಲ ಸೇರಿ. ವಿದ್ಯಾಶ್ರೀಯದು ಆ ಗೆರೆಯನ್ನು ದಾಟಿತ್ತು. ರಕ್ತದೊತ್ತಡವೂ ಏರಿತ್ತು. ನರ್ಸು ನಯವಾಗಿಯೇ ಹೇಳಿದಳು: ಮೂರು ತಿಂಗಳಿಗೆ ಮರುತಪಾಸಣೆ, ಅಲ್ಲಿಯವರೆಗೆ ಏಣಿ ಮುಟ್ಟುವ ಹಾಗಿಲ್ಲ.

ಸಿಂಗಪುರದಲ್ಲಿ ಹೊರಗಿನವರ ಸಂಸಾರ ಒಬ್ಬರ ಕೆಲಸದ ಪರವಾನಗಿಯ, ಅಂದರೆ ಪಾಸಿನ, ಮೇಲೆ ನಿಂತಿರುತ್ತದೆ. ಈ ಮನೆಯಲ್ಲಿ ಆ ಪಾಸು ವಿದ್ಯಾಶ್ರೀಯದು. ಗಂಡ ಸುನೀಲ ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಅಳತೆಶಾಸ್ತ್ರ ಕಲಿಸುತ್ತಿದ್ದವನು, ಅವಳ ಹಿಂದೆ, ಅವಲಂಬಿತರಿಗೆ ಕೊಡುವ ಡಿಪೆಂಡೆಂಟ್ ಪಾಸಿನಲ್ಲಿ ಬಂದ. ಮಗಳು ಅದ್ವಿಕಾ ಇಲ್ಲಿನ ಶಾಲೆಯಲ್ಲಿ ನಾಲ್ಕನೆಯ ತರಗತಿ. ಪಾಸಿನ ನವೀಕರಣ ಈ ವರ್ಷವೇ ಇತ್ತು. ಟ್ಯಾಂಕು ಹತ್ತಲಾರದ ಟ್ಯಾಂಕು ತಪಾಸಕಿಯನ್ನು ಕಂಪನಿ ಯಾಕೆ ಇಟ್ಟುಕೊಂಡೀತು? ಆ ಸಂಜೆ ಜುರಾಂಗ್ ಈಸ್ಟಿನಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗ ತನ್ನ ಸೊಂಟದ ಸುತ್ತ ಇರುವುದು ಬರೀ ಕೊಬ್ಬಲ್ಲ, ಮೂವರ ಬದುಕು ಅನ್ನಿಸಿತು.

ಸುನೀಲ ಧೈರ್ಯ ಹೇಳಿದ. ಅವನಿಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದ. ‘ಅಳೆಯಾಕ ಬಂದದ್ದನ್ನ ಇಳಸಾಕೂ ಬರ್ತದ, ವಿದ್ಯಾ. ನೀ ಬರೇ ಉಣ್ಣು. ಲೆಕ್ಕ ನಂಗ ಬಿಡು.’

ಫೋನಿಗೆ ಕ್ಯಾಲರಿ ಎಣಿಸುವ ಆ್ಯಪ್ ಬಂತು. ಪೊಟ್ಟಣದ ಮೇಲಿನ ಕಪ್ಪು ಗೆರೆಗಳಿಗೆ ಫೋನು ಹಿಡಿದರೆ ‘ಟಿಂಗ್’ ಅನ್ನುತ್ತಿತ್ತು, ಅಂಕಿ ಮೂಡುತ್ತಿತ್ತು. ಆ ಟಿಂಗ್ ಕೇಳಿದಾಗ ಸುನೀಲನ ಮುಖದಲ್ಲಿ ಕೆಲಸ ಬಿಟ್ಟು ಬಂದ ಮೇಲೆ ಕಾಣದಿದ್ದ ಕಳೆ ಕಾಣುತ್ತಿತ್ತು. ಆದರೆ ಅವನೇ ಮಾಡಿದ ಹೆಸರುಕಾಳಿನ ಪಲ್ಯಕ್ಕೆ ಟಿಂಗ್ ಇರಲಿಲ್ಲ. ಚಪಾತಿ ಒಂದು ದಪ್ಪ, ಒಂದು ತೆಳು. ಸಾರಿಗೆ ಬಿದ್ದ ಎಣ್ಣೆ ಎಷ್ಟೋ ಏನೋ. ‘ಅಪ್ಪಾ, ಚಪಾತಿ ಸ್ಕ್ಯಾನ್ ಆಗಲ್ಲ ಲಾ’ ಎಂದು ಅದ್ವಿಕಾ ಶಾಲೆಯಲ್ಲಿ ಕಲಿತ ಸಿಂಗಪುರದ ‘ಲಾ’ ಹಚ್ಚಿ ನಕ್ಕಳು. ಸುನೀಲ ನಗಲಿಲ್ಲ. ಅಂದಾಜಿನ ಮೇಲೆ ಹೆಂಡತಿಯ ಪಾಸನ್ನು ಪಣಕ್ಕಿಡಲು ಅವನ ಮನಸ್ಸು ಒಪ್ಪಲಿಲ್ಲ.

ಹೀಗೆ ಲೆಕ್ಕಕ್ಕೆ ಸಿಗದ ಊಟವೆಲ್ಲ ಒಂದೊಂದಾಗಿ ಮನೆಯಿಂದ ಹೊರಟುಹೋಯಿತು. ಬೆಳಗ್ಗೆ ಹಾಲಿಗೆ ಸುರಿಯುವ ಚೂರುಗಳು, ಮಧ್ಯಾಹ್ನ ಬಿಸಿನೀರು ಹಾಕುವ ಓಟ್ಸ್ ಕಪ್, ಸಂಜೆ ಪ್ರೋಟೀನ್ ಬಾರ್, ರಾತ್ರಿ ಮೈಕ್ರೋವೇವಿನಲ್ಲಿ ಬಿಸಿ ಮಾಡುವ ತಟ್ಟೆ. ಎಲ್ಲದರ ಬೆನ್ನಿಗೂ ಅಂಕಿ ಇತ್ತು. ಯಾರೂ ಮೋಸ ಮಾಡಲಿಲ್ಲ, ಅಂಕಿಗಳೂ ಸುಳ್ಳಿರಲಿಲ್ಲ. ತೂಕ ಮೊದಲು ಸ್ವಲ್ಪ ಇಳಿದು, ನಿಂತು, ಮೆಲ್ಲಗೆ ಬಂದ ದಾರಿಗೇ ತಿರುಗಿತು. ಹಸಿವು ಮಾತ್ರ ಒಂದೇ ಸಮ ಬೆಳೆಯಿತು. ದಿನದ ಲೆಕ್ಕದಲ್ಲಿ ಒಂದಿಷ್ಟು ಉಳಿದಿದ್ದರೆ ಆ ಉಳಿದದ್ದಕ್ಕೆ ಸರಿಹೊಂದುವ ಬಿಸ್ಕತ್ತನ್ನು ವಿದ್ಯಾಶ್ರೀ ಹುಡುಕುತ್ತಿದ್ದಳು. ತಿಂದರೆ ಮತ್ತೆ ಹಸಿವು. ತನಗೇ ಕಟ್ಟುನಿಟ್ಟು ಸಾಲದು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ತಿನ್ನುವವನನ್ನು ಅಪರಾಧಿ ಮಾಡಿ ನಿಲ್ಲಿಸಿದ ಮೇಲೆ ತಿನಿಸಿನ ಕಡೆ ಯಾರು ಬೆರಳು ತೋರಿಸುತ್ತಾರೆ?

ಆಫೀಸಿನಲ್ಲಿ ಆಗ ‘ವೆಲ್‌ನೆಸ್’ ತಿಂಗಳು. ಪ್ಯಾಂಟ್ರಿಯ ಬೀರುವಿನಲ್ಲಿ ವರ್ಷವಿಡೀ ಪುಕ್ಕಟೆಯಾಗಿ ಸಿಗುವ ಕೆನೆಬಿಸ್ಕತ್ತು, ಸಕ್ಕರೆ-ಹಾಲುಪುಡಿ ಬೆರೆತ ಕಾಫಿ ಪೊಟ್ಟಣ. ಅದೇ ಬೀರುವಿನ ಮೇಲಿನ ಹಲಗೆಯಲ್ಲಿ ಈಗ ಊಟದ ಬದಲು ಕುಡಿಯುವ ಪುಡಿಯ ಪೊಟ್ಟಣಗಳು. ರೋಗ ಕೆಳಗೆ, ಔಷಧಿ ಮೇಲೆ, ಬೀಗ ಯಾವುದಕ್ಕೂ ಇಲ್ಲ. ಮ್ಯಾನೇಜರ್ ಬದರಿನಾಥ್ ಮೈಸೂರಿನವರು, ಕೆಟ್ಟವರಲ್ಲ. ಅವರೇ ಒಂದು ಪೊಟ್ಟಣ ಅವಳ ಮೇಜಿನ ಮೇಲಿಟ್ಟು, ‘ನೋಡಿ ವಿದ್ಯಾಶ್ರೀ, ಶಟ್‌ಡೌನ್ ಟೈಮಿಗೆ ನೀವು ಫಿಟ್ ಆಗ್ಲಿಲ್ಲ ಅಂದ್ರೆ ಕುನಾಲ್ ಹೆಸರು ಹಾಕ್ಬೇಕಾಗತ್ತೆ. ನನ್ ಕೈಲಿ ಏನೂ ಇರಲ್ಲ’ ಅಂದರು. ಶಟ್‌ಡೌನ್ ಎಂದರೆ ಕಾರ್ಖಾನೆ ನಿಲ್ಲಿಸಿ ಟ್ಯಾಂಕುಗಳನ್ನೆಲ್ಲ ಖಾಲಿ ಮಾಡಿ ತಪಾಸಿಸುವ ಕಾಲ. ಕುನಾಲ್ ಅವಳ ಜೊತೆಯ ತಪಾಸಕ, ಆ ಮಧ್ಯಾಹ್ನ ಏಣಿಯ ಮೇಲಿನಿಂದ ಕೈಬೀಸಿದ. ಅವಳು ನೆಲದಲ್ಲಿ ನಿಂತು ಕಾಗದಪತ್ರ ತುಂಬುತ್ತಿದ್ದಳು.

ಗಡುವಿನ ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಸುನೀಲನ ತಾಯಿ ಮುರಿಗೆವ್ವ ಊರಿಂದ ಬಂದಳು. ವಿಮಾನದ ದಣಿವು, ಮಂಡಿಯ ನೋವು. ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ ಉಣ್ಣಲು ಕೂತಾಗ ಸುನೀಲ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ತಟ್ಟೆ ಬಿಸಿ ಮಾಡಿ ಇಟ್ಟ. ಬೇಳೆ, ಅನ್ನ, ಮುಚ್ಚಳದ ಮೇಲೆ ‘ಕೊಬ್ಬು ಕಡಿಮೆ’ ಎಂಬ ಮಾತು. ಮುದುಕಿ ಹೆಸರಿಡದೆ ಉಂಡಳು. ಅವರ ಮನೆತನದ ರೂಢಿ ಒಂದಿದೆ: ಉಂಡದ್ದು ಪ್ರಸಾದ, ಅಗುಳೂ ಕೆಡಬಾರದು. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿಂದ ಸುತ್ತ ಬಳಿದು, ಆ ನೀರನ್ನೂ ಕುಡಿಯುತ್ತಾರೆ. ವಿದ್ಯಾಶ್ರೀಯ ತವರಿನಲ್ಲೂ ಹಾಗೇ. ಇಲ್ಲಿಗೆ ಬಂದ ಮೇಲೆ ಅದು ತಪ್ಪಿತ್ತು.

ಮುರಿಗೆವ್ವ ಪ್ಲಾಸ್ಟಿಕ್ ತಟ್ಟೆಗೆ ನೀರು ಹಾಕಿ ಬಳಿದು ಕುಡಿದಳು. ಮತ್ತೆ ತಟ್ಟೆ ನೋಡಿದಳು. ಸುತ್ತ ಕೆಂಪನೆಯ ಜಿಡ್ಡಿನ ಪೊರೆ ಹಾಗೇ ಅಂಟಿತ್ತು. ಇನ್ನೊಮ್ಮೆ ನೀರು, ಇನ್ನೊಮ್ಮೆ ಬೆರಳು. ಪೊರೆ ಅಲುಗಲಿಲ್ಲ.

‘ತೊಳದ್ರೂ ಹೋಗವಲ್ದಲ್ಲೋ ಸುನೀಲ’ ಅಂದಳು. ‘ಕುಡದದ್ದೂ ಜಿಡ್ಡು, ಉಳದದ್ದೂ ಜಿಡ್ಡು. ಯಾರ ಕೈ ಅಡಗಿ ಇದು?’

ಉತ್ತರಕ್ಕೆ ಕಾಯದೆ, ಬಾಯಿ ಕೆಟ್ಟಿತೆಂದು ಚಹಾ ಕೇಳಿ, ಅದರಲ್ಲಿ ಅದ್ದಲು ಎರಡು ಬಿಸ್ಕತ್ತೂ ಕೇಳಿದಳು. ಅವಳಿಗೆ ಅದು ಅಷ್ಟೇ ಮಾತು.

ವಿದ್ಯಾಶ್ರೀಗೆ ಹಾಗಾಗಲಿಲ್ಲ. ತಟ್ಟೆ ಎತ್ತಿ ಫೋನಿನ ಟಾರ್ಚು ಹಾಕಿ ನೋಡಿದಳು. ಖಾಲಿ ಮಾಡಿ ತೊಳೆದ ಟ್ಯಾಂಕಿನ ಗೋಡೆಗೆ ಇಂಥ ಪೊರೆ ಕಂಡರೆ ಅವಳು ಒಬ್ಬನನ್ನೂ ಒಳಗೆ ಬಿಡುತ್ತಿರಲಿಲ್ಲ, ಒಳಗೇನಿತ್ತು ಎಂದು ಮೊದಲು ಕೇಳುತ್ತಿದ್ದಳು. ಎಷ್ಟಿತ್ತು ಎಂದು ಕೇಳುವುದು ಆಮೇಲಿನ ಮಾತು. ತನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ದಿನವೂ ಎಷ್ಟು ಎಷ್ಟು ಎಂದೇ ಕೇಳಿದ್ದಳು. ತಟ್ಟೆಯ ಮುಚ್ಚಳ ತಿರುಗಿಸಿ ಸಣ್ಣಕ್ಷರ ಓದಿದಳು. ಬೇಳೆಯ ಹೆಸರು ಬರುವ ಹೊತ್ತಿಗೆ ನೀರು, ಎಣ್ಣೆ, ಪಿಷ್ಟ, ಸಕ್ಕರೆ ದಾಟಿಹೋಗಿದ್ದವು. ಬೇಳೆಯ ಆಚೆಗೆ ಯಾವ ಅಡುಗೆಮನೆಯ ಡಬ್ಬಿಯಲ್ಲೂ ಇರದ ಹೆಸರುಗಳ ಸಾಲು.

‘ಇನ್ನ ಎಣಸೂದು ಬ್ಯಾಡರೀ’ ಅಂದಳು ಗಂಡನಿಗೆ. ‘ಮನ್ಯಾಗ ಮಾಡಾಕ ಬರದಿದ್ದನ್ನ ತಿನ್ನೂದು ಬ್ಯಾಡ. ಮಾಡಾಕ ಬರೂದನ್ನ ಹೊಟ್ಟಿತುಂಬ ಉಣ್ಣೂದು.’

ಸುನೀಲನ ಮುಖ ಸಣ್ಣದಾಯಿತು. ಇಷ್ಟು ದಿನ ಅವನು ಕಾವಲು ಕೂತ ಲೆಕ್ಕ ಅದು. ‘ಅಳತಿ ಬಿಟ್ರ ಗೊತ್ತರ ಹೆಂಗಾಗ್ತದ? ಎಡವಟ್ಟಾದ್ರ ಊರಿಗೆ ಹೋಗೂದ ಆಗ್ತದ, ವಿದ್ಯಾ.’

ಅವನಿಗಿಂತ ಹೆಚ್ಚು ಹೆದರಿದ್ದವಳು ಅವಳೇ.

ಲಿಟಲ್ ಇಂಡಿಯಾದಿಂದ ಜೋಳದ ಹಿಟ್ಟು ಬಂತು. ‘ಇದೂ ಪಾಕೀಟ ಅಲ್ಲೇನು?’ ಎಂದು ಸುನೀಲ ಕುಟುಕಿದ. ಹಿಂದೆ ಓದಿರಿ ಎಂದಳು. ಹಿಂದೆ ಒಂದೇ ಹೆಸರಿತ್ತು: ಜೋಳ. ಅವನು ಹಿಟ್ಟನ್ನು ಡಬ್ಬಿಗೆ ಸುರಿದ.

ಕೈಯಾರೆ ಮಾಡಿ ತಿನ್ನಿ ಎಂದು ಉಪದೇಶಿಸುವವರು ಯಾರ ಕೈ ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೆಳಕು ಹರಿಯುವ ಮೊದಲು ಬಸ್ಸು ಹಿಡಿದು ಹೊತ್ತು ಮುಳುಗಿ ಮನೆ ಸೇರುವ ಹೆಂಗಸಿಗೆ ರೊಟ್ಟಿ ಬಡಿ ಎನ್ನುವುದು ಇನ್ನೊಂದು ಬಗೆಯ ಕ್ರೌರ್ಯ. ಪೊಟ್ಟಣ ಗೆದ್ದದ್ದು ರುಚಿಯಿಂದಲ್ಲ, ದಣಿದವರ ಹೊತ್ತು ಕೊಂಡುಕೊಂಡು. ಈ ಮನೆಯಲ್ಲಿ ಆ ಕೈ ಸುನೀಲನದಾಯಿತು. ಅದು ಅವನ ದೊಡ್ಡತನವೆಂದು ಹೊಗಳಬೇಕಿಲ್ಲ. ಅವನ ಪಾಸಿಗೆ ಬೇರೆ ಕೆಲಸ ಸುಲಭಕ್ಕೆ ಸಿಗುತ್ತಿರಲಿಲ್ಲ. ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

ಮುರಿಗೆವ್ವ ಮಂಡಿ ಹಿಡಿದು ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟಳು. ಕುದಿವ ಎಸರು ಹಾಕು, ನಾದು, ಬಡಿ. ಅಳತೆಯ ಮೇಷ್ಟ್ರ ರೊಟ್ಟಿ ಮೊದಲ ದಿನ ಅಂಚಿನಿಂದ ನಡುವಿನತನಕ ಬಿರಿಯಿತು. ‘ಯಾವ ದೇಶದ ನಕಾಶಿಯೋ ಇದು?’ ಎಂದಳು ತಾಯಿ. ಬೆಳಗ್ಗೆ ಐದಕ್ಕೇ ಬಡಿಯತೊಡಗಿದ ಮೂರನೆಯ ದಿನ ಕೆಳಗಿನ ಮನೆಯ ಚೀನೀ ಅಂಕಲ್ ಮೇಲೆ ಬಂದು, ಮನೆ ರಿಪೇರಿ ಯಾವಾಗ ಮುಗಿಯುತ್ತದೆ ಎಂದು ವಿನಯದಿಂದ ಕೇಳಿದರು. ಅಂದಿನಿಂದ ರೊಟ್ಟಿ ಸಂಜೆಗೆ ಬಂತು. ಊರಿನ ಹುಳಿಸೊಪ್ಪು ಪುಂಡಿಪಲ್ಯ ಇಲ್ಲಿ ಎಲ್ಲಿ ಸಿಗಬೇಕು? ಮಾರ್ಕೆಟ್ಟಿನ ಕಾಂಗ್‌ಕೋಂಗ್ ಸೊಪ್ಪನ್ನೇ ಬೇಳೆಗೆ ಹಾಕಿದರು. ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಕುಟ್ಟಿದರು. ಮೊಸರು ಹೆಪ್ಪು ಹಾಕಿದರು. ಮುರಿಗೆವ್ವನ ಬಿಸ್ಕತ್ತಿಗೆ ಮಾತ್ರ ಕತ್ತರಿ ಬೀಳಲಿಲ್ಲ. ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬಟ್ಟೆಯಲ್ಲಿ ಕಟ್ಟಿದ ಬುತ್ತಿ ವಿದ್ಯಾಶ್ರೀಯ ಜೊತೆ ದ್ವೀಪಕ್ಕೆ ಹೋಯಿತು. ‘ರೊಟ್ಟಿ ತಿಂದು ವೆಯ್ಟ್ ಲಾಸಾ? ಅದು ಪೂರಾ ಕಾರ್ಬ್ಸ್ ಅಲ್ವಾ?’ ಎಂದರು ಬದರಿನಾಥ್. ಅವಳು ನಕ್ಕು ಇನ್ನೊಂದು ತುತ್ತು ಮುರಿದಳು. ಹೊಟ್ಟೆ ತುಂಬುವುದೇ ಈಗ ಭಯವಾಗಿತ್ತು. ಉಂಡು ಎದ್ದ ಮೇಲೆ ಹಸಿವಿಲ್ಲ, ಸಂಜೆಯವರೆಗೂ ಇಲ್ಲ. ಇಷ್ಟು ನೆಮ್ಮದಿಯಾಗಿದ್ದರೆ ಎಲ್ಲೋ ತಪ್ಪಾಗಿರಲೇಬೇಕು ಎಂದು ಮನಸ್ಸು ಕೊರೆಯುತ್ತಿತ್ತು. ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿಸಿದ್ದಳು. ಹಾರ್ನೆಸ್ ತೊಟ್ಟು ನೋಡೋಣವೆಂದರೆ ಅದು ಕಂಪನಿಯ ಬೀಗದಲ್ಲಿತ್ತು. ಕತ್ತಲ ಟ್ಯಾಂಕಿನಲ್ಲಿ ಟಾರ್ಚು ಆರಿದ ಮೇಲೆ ಗೋಡೆ ತಡವುತ್ತ ನಡೆದ ಹಾಗಿದ್ದವು ಆ ದಿನಗಳು. ಶಟ್‌ಡೌನಿನ ಪಟ್ಟಿಯಲ್ಲಿ ಪೆನ್ಸಿಲಿನಿಂದ ಕುನಾಲನ ಹೆಸರು ಬಿದ್ದ ದಿನ ಪ್ಯಾಂಟ್ರಿಗೆ ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು, ಕೆನೆಬಿಸ್ಕತ್ತಿನ ಇಡೀ ಪೊಟ್ಟಣ ಮುಗಿಸಿದಳು. ಮನೆಗೆ ಬಂದು ಅತ್ತೆಗೆ ಹೇಳಿದಳು. ಮುರಿಗೆವ್ವ, ‘ತಿಂದದ್ದು ತಿಂದಿ. ಈಗ ರೊಟ್ಟಿ ಆರತೈತಿ, ಬಾ’ ಅಂದಳು.

ಮರುತಪಾಸಣೆಯ ಬೆಳಗ್ಗೆ ರಕ್ತ ಕೊಡಬೇಕಿದ್ದರಿಂದ ಖಾಲಿ ಹೊಟ್ಟೆ. ರಕ್ತ ತೆಗೆದ ಮೇಲೆ ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಒತ್ತಡ ಏರಿಯೇ ಇತ್ತು. ವಿದ್ಯಾಶ್ರೀಗೆ ಮಗಳ ಶಾಲೆಯ ಚೀಲ ಕಣ್ಣಮುಂದೆ ಬಂತು. ಹೆದರಿದ್ದೀರಿ, ಹೊರಗೆ ಏನಾದರೂ ತಿಂದು ಸುಮ್ಮನೆ ಕೂತು ಬನ್ನಿ, ಮತ್ತೆ ನೋಡೋಣ ಎಂದಳು ನರ್ಸು. ಹೊರಗೆ ಉಪವಾಸದಿಂದ ಬಂದವರಿಗಾಗಿ ಒಂದು ಮೇಜಿತ್ತು. ಅದರ ಮೇಲೆ ಅದೇ ಕಾಫಿ ಪೊಟ್ಟಣ, ಅದೇ ಕೆನೆಬಿಸ್ಕತ್ತು. ಜನರ ಒತ್ತಡ ಅಳೆಯುವ ಮನೆಯ ಉಪಚಾರ ಅದು.

ಅವಳು ಮೂಲೆಯಲ್ಲಿ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿಯ ಅಂಚು ಇನ್ನೂ ಬಿರಿದೇ ಇತ್ತು, ಸುನೀಲನ ರೊಟ್ಟಿ ಎಂದು ದೂರದಿಂದಲೇ ಹೇಳಬಹುದಿತ್ತು. ನಿಧಾನ ಅಗಿದಳು. ಬಹಳ ಹೊತ್ತು ಕೂತಳು. ಎರಡನೆಯ ಸಲ ಪಟ್ಟಿ ಬಿಗಿದಾಗ ನರ್ಸು ಅಂಕಿ ಬರೆದುಕೊಂಡಳು. ಆಮೇಲೆ ತೂಕದ ಯಂತ್ರ. ಅದರ ಮೇಲೆ ನಿಂತು ವಿದ್ಯಾಶ್ರೀ ಚಾವಣಿಯ ದೀಪವನ್ನೇ ನೋಡಿದಳು.

ಹೊರಗೆ ಬಂದು ಫೋನು ಮಾಡಿದಾಗ ಸುನೀಲ ಮೊದಲ ಗಂಟೆಗೇ ಎತ್ತಿದ.

‘ಎಷ್ಟಾತು?’

‘ನೋಡ್ಲಿಲ್ಲರೀ’ ಅಂದಳು. ‘ಟ್ಯಾಂಕ್ ಏರಬಹುದಂತ.’

ಆ ಕಡೆ ಮುರಿಗೆವ್ವ ಏನಂತೆ ಏನಂತೆ ಎಂದು ಕೇಳುವುದು ಕೇಳಿಸಿತು, ಸುನೀಲ ಮೂಗೊರೆಸಿಕೊಂಡದ್ದೂ. ಒತ್ತಡ ಇನ್ನೂ ಗೆರೆಯ ಅಂಚಿನಲ್ಲೇ ಇದೆ, ಆರು ತಿಂಗಳಿಗೆ ಮತ್ತೆ ಬರಬೇಕು ಎಂಬುದನ್ನು ಅವಳು ಸಂಜೆಗೆ ಇಟ್ಟುಕೊಂಡಳು.

ಶಟ್‌ಡೌನಿನ ಮೊದಲ ದಿನ ಕುನಾಲನೇ ಹಾರ್ನೆಸ್ ತಂದುಕೊಟ್ಟ. ಪಟ್ಟಿ ಎಳೆದಳು. ಇನ್ನೂ ಎಳೆಯಬೇಕಾಯಿತು. ಕೊಕ್ಕೆ ಸಿಕ್ಕಿಸಿ, ಭದ್ರವೇ ಎಂದು ಜಗ್ಗಿ ನೋಡಿ, ನಂಬಿಕೆ ಬರದೆ ಮತ್ತೊಮ್ಮೆ ಜಗ್ಗಿದಳು. ಆರು ತಿಂಗಳಾಚೆಯ ಭಯ ಆಗಲೇ ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತಿತ್ತು. ಅದನ್ನು ದಾಟಿಕೊಂಡೇ ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಳು.